ಬಾಯಿಲೆಕ್ಕ

"ಅಮ್ಮಾವ್ರು ಇಲ್ವಾ?" ಎಂದು ಕೂಗಿದ ವಾಜಿದ್, ಬಾಗಿಲಿಗೆ ಬಂದವನು ಮುನಿಗಂಗಪ್ಪ ಎಂದು ಕಂಡೊಡನೆ ಸೈಕಲ್ಲನ್ನು ಎರಡು ಹೆಜ್ಜೆ ಹಿಂದಕ್ಕೆ ತಳ್ಳಿದ.

"ಯಾವ ಅಮ್ಮಾವ್ರು?"

"ಅದೇ ಅಣ್ಣಾ, ಮನೇಲಿ ಅಮ್ಮಾವ್ರು."

"ಈ ಮನೇಲಿ ಮೂರು ಜನ ಅಮ್ಮಾವ್ರು ಔರೆ. ನಿಂಗ್ಯಾರು ಬೇಕು?"

ವಾಜಿದ್ ಬೀದಿಯ ಆ ತುದಿ ಈ ತುದಿ ನೋಡಿದ. ಅವನು ಯಲಹಂಕದಿಂದ ಸೈಕಲ್ಲಿನ ಮೇಲೆ ಸ್ಟೀಲು ಪಾತ್ರೆ ಹೇರಿಕೊಂಡು ಬಂದು, ಅಲ್ಲಾಳಸಂದ್ರ, ಜಕ್ಕೂರು ಕಡೆಯ ಹೆಂಗಸರಿಗೆ ತಿಂಗಳ ಕಂತಿನ ಮೇಲೆ ಮಾರುವವನು. ಯಾವ ಮನೆಯಾಕೆ ಗಂಡನಿಗೆ ಹೇಳದೆ ಕೊಡ ಕೊಂಡಳು, ಯಾರು ಅತ್ತೆಗೆ ಗೊತ್ತಾಗದಂತೆ ಮಗಳಿಗೆ ತಟ್ಟೆ ಲೋಟ ಕೂಡಿಸಿಟ್ಟಳು, ಎಲ್ಲವೂ ಅವನ ತಲೆಯಲ್ಲಿತ್ತು. ತಲೆಯಿಂದ ಆಚೆ ಬರುತ್ತಿರಲಿಲ್ಲ. ಅವನ ವ್ಯಾಪಾರ ನಿಂತಿದ್ದೇ ಆ ನಂಬಿಕೆಯ ಮೇಲೆ. ಇವತ್ತು ಮಾತ್ರ ಅವನ ಗ್ರಹಚಾರ ಸರಿಯಿರಲಿಲ್ಲ. ಕ್ಯಾರಿಯರ್ ಮೇಲೆ ಹಗ್ಗ ಸುತ್ತಿದ ಒಂದು ರಟ್ಟಿನ ಪೆಟ್ಟಿಗೆ ಇತ್ತು, ಅದರ ಮೈಮೇಲೆ ಕುಕ್ಕರಿನ ಚಿತ್ರವಿತ್ತು, ಮುನಿಗಂಗಪ್ಪನ ಕಣ್ಣು ಆಗಲೇ ಅದರ ಮೇಲೆ ಬಿದ್ದಾಗಿತ್ತು.

"ಏನದು?"

"ಕುಕ್ಕರ್ ಅಣ್ಣಾ. ಚಿಕ್ಕದು, ಮೂರು ಲೀಟರ್ದು. ಕೊನೇ ಕಂತು ಬಾಕಿ ಅದೆ, ಹಬ್ಬದೊಳಗೆ ಕೊಟ್ಬಿಟ್ರೆ ಇದನ್ನೂ ಕೊಟ್ಟು ಹೋಗೋಣ ಅಂತ..." ಎಂದವನು ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ.

"ನಮ್ ಮನೇಗಾ?"

"ಮನೆ ತಪ್ಪಾಯ್ತು ಅನ್ಸುತ್ತೆ ಅಣ್ಣಾ," ಎಂದು ವಾಜಿದ್ ಸೈಕಲ್ ಹತ್ತಿಯೇಬಿಟ್ಟ. ಹತ್ತಾರು ವರ್ಷದಿಂದ ಅದೇ ಬೀದಿಯಲ್ಲಿ ಓಡಾಡುವವನಿಗೆ ಮನೆ ತಪ್ಪುವುದು ಹೇಗೆ? ಸೈಕಲ್ಲು ಕೆರೆಯ ಕಡೆಗೆ ತಿರುಗಿ ಮರೆಯಾಗುವವರೆಗೂ ಮುನಿಗಂಗಪ್ಪ ಬಾಗಿಲಲ್ಲೇ ನಿಂತಿದ್ದ.

ಕುಕ್ಕರೆಂಬುದು ಆ ಮನೆಯೊಳಕ್ಕೆ ಕಾಲಿಡುವಂತಿರಲಿಲ್ಲ. "ಸೀಟಿ ಒಡೆಯೋ ಪಾತ್ರೇಲಿ ಬೆಂದದ್ದು ನನ್ ಒಟ್ಟೇಗೆ ಆಗಾಕಿಲ್ಲ" ಎಂದು ತಾಯಿ ಅಂಜನಮ್ಮ ಎಂದೋ ತೀರ್ಮಾನ ಕೊಟ್ಟಿದ್ದಳು. ತಾಯಿ, ಮುನಿಗಂಗಪ್ಪ, ಅವನ ಹೆಂಡತಿ ಸೊಣ್ಣಮ್ಮ, ತಮ್ಮ ಬ್ಯಾಟರಾಯಪ್ಪ, ತಮ್ಮನ ಹೆಂಡತಿ ದ್ರೌಪದಮ್ಮ, ಅವರ ಎರಡು ಮಕ್ಕಳು, ಇಷ್ಟು ಜನಕ್ಕೂ ಸೌದೆ ಒಲೆಯ ಮೇಲೆ ಒಂದೇ ದೊಡ್ಡ ಪಾತ್ರೆಯಲ್ಲಿ ಸಾರು, ಇನ್ನೊಂದರಲ್ಲಿ ಮುದ್ದೆ. ಇದರ ನಡುವೆ ಮೂರು ಲೀಟರಿನ ಕುಕ್ಕರಿಗೆ ಏನು ಕೆಲಸ? ಒಂದೇ ಕೆಲಸ. ಇನ್ನೊಂದು ಒಲೆ. ಬ್ಯಾಟರಾಯಪ್ಪ ಬೇರೆ ಹೋಗುತ್ತಿದ್ದಾನೆ.

ಹಾಗೆಂದುಕೊಂಡ ಕೂಡಲೇ ಮುನಿಗಂಗಪ್ಪನಿಗೆ ಅಪ್ಪನ ಮಾತು ನೆನಪಾಯಿತು. ಅಪ್ಪ ಬಚ್ಚಣ್ಣ ಸಾಯುವ ಮುಂಚೆ ಅವನ ಕೈ ಹಿಡಿದುಕೊಂಡು ಹೇಳಿದ್ದು ತೋಟದ ವಿಚಾರವಲ್ಲ, ಬಾವಿಯ ವಿಚಾರವಲ್ಲ. "ಒಲೆ ಒಂದೇ ಇರ್ಲಿ ಕಣ್ಲಾ ಮುನಿಗಂಗ" ಎಂದಿದ್ದ. ಊರಿನಲ್ಲಿ ಒಂದೊಂದಾಗಿ ಮನೆಗಳು ಒಡೆದು, ದ್ರಾಕ್ಷಿ ತೋಟಗಳು ಸೈಟುಗಳಾಗಿ, ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಬೈದಾಡಿಕೊಳ್ಳುತ್ತಿದ್ದಾಗಲೂ ಈ ಮನೆಯ ಹೊಗೆ ಒಂದೇ ಮಾಡಿನಿಂದ ಏಳುತ್ತಿತ್ತು. ಆ ಒಂದು ವಿಷಯಕ್ಕೆ ಮುನಿಗಂಗಪ್ಪ ಊರಿನಲ್ಲಿ ತಲೆಯೆತ್ತಿ ನಡೆಯುತ್ತಿದ್ದ.

ಅನುಮಾನಕ್ಕೆ ಸಾಕ್ಷಿಯ ಬರವಿಲ್ಲ. ಅದರಲ್ಲೂ ಮುನಿಗಂಗಪ್ಪನಂಥವನಿಗೆ. ಅವನು ದಿನಾ ಡೈರಿಗೆ ಹೋಗುವ ಹಾಲಿಗೆ ತಾನೇ ಕಡ್ಡಿ ಅದ್ದಿ ನೋಡುವವನು. ಸೀಮೆಎಣ್ಣೆ ಡಬ್ಬದ ಮೈಗೆ ಇದ್ದಿಲಿನಲ್ಲಿ ಗೀಟು ಎಳೆದಿಡುವವನು. ತೆಂಗಿನಕಾಯಿ ಕೀಳಿಸಿದ ದಿನ ಮರ ಹತ್ತಿದವನ ಪಂಚೆಯ ಗಂಟನ್ನೂ ಬಿಡದೆ ನೋಡುವವನು. ಅದಕ್ಕೆ ಅವನು ಎಚ್ಚರ ಎನ್ನುತ್ತಿದ್ದ. ಊರವರು ಬೇರೆ ಹೆಸರಿಟ್ಟಿದ್ದರು. ಈಗ ಒಂದೊಂದೇ ನೆನಪಾಗತೊಡಗಿತು. ಬ್ಯಾಟರಾಯಪ್ಪ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರು. ಕ್ವಾರ್ಟರ್ಸ್ ಖಾಲಿಯಾದಾಗ ಯಾರು ಯಾರಿಗೆ ಸಿಕ್ಕಿತೆಂದು ಊಟದ ಹೊತ್ತಿನಲ್ಲಿ ಹೇಳುತ್ತಿದ್ದ. ಸುಮ್ಮನೆ ಹೇಳುತ್ತಿದ್ದನೇ? ದ್ರೌಪದಮ್ಮ ಯಶವಂತಪುರದವಳು, ನಲ್ಲಿ ನೀರು ಕಂಡು ಬೆಳೆದವಳು, ಬಾವಿ ಸೇದುವಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದಳು. ಹೊಸದೊಂದು ಟ್ರಂಕು ಬಂದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ತಿಪ್ಪೆ. ಎರಡು ಹಸು ಕಟ್ಟಿದ ಮನೆಯ ತಿಪ್ಪೆ ಈ ವರ್ಷ ಮೊಳಕಾಲೆತ್ತರಕ್ಕೂ ಏರಿರಲಿಲ್ಲ. ದ್ರಾಕ್ಷಿ ಬುಡಕ್ಕೆ ಗೊಬ್ಬರ ಸಾಲದೆ ಕೊಂಡು ಹಾಕಿದ್ದಾಗಿತ್ತು. ತಾನು ಮಾರ್ಕೆಟ್ಟಿಗೆ ಹೋದ ದಿನ ನೋಡಿಕೊಂಡು ತಮ್ಮ ಗಾಡಿಗಟ್ಟಲೆ ಮಾರಿದ್ದಾನೆ, ಇನ್ನೇನು!

ಮಾರನೆಯ ದಿನ ತಮ್ಮ ಶಿಫ್ಟಿಗೆ ಹೋಗಿ, ನಾದಿನಿ ಬಟ್ಟೆಗಂಟು ಹೊತ್ತು ಕೆರೆಗೆ ಹೋದ ಮೇಲೆ ಮುನಿಗಂಗಪ್ಪ ಹಗ್ಗ ಹುಡುಕುವ ನೆಪದಲ್ಲಿ ಅವರ ಕೋಣೆಗೆ ಹೋದ. ಮಂಚದ ಕೆಳಗೆ ಬಗ್ಗಿದ. ಟ್ರಂಕಿನ ಬೀಗ ಹಾಕಿರಲಿಲ್ಲ. ಒಳಗೆ ಮಕ್ಕಳ ಸ್ವೆಟರು, ಒಂದು ರೇಷ್ಮೆ ಸೀರೆ, ನುಸಿಗುಳಿಗೆ. ಕುಕ್ಕರಿನ ಸುದ್ದಿ ಹೇಳುವಂಥದ್ದು ಏನೂ ಸಿಗಲಿಲ್ಲ. ಬೇರೆಯವರಾಗಿದ್ದರೆ ಮನಸ್ಸು ಹಗುರ ಮಾಡಿಕೊಂಡು ಹೊರಗೆ ಬರುತ್ತಿದ್ದರು. ಮುನಿಗಂಗಪ್ಪ ಇನ್ನಷ್ಟು ಭಾರವಾಗಿ ಬಂದ. ಬೀಗ ಹಾಕದೆ ಬಿಟ್ಟಿದ್ದಾರೆಂದರೆ ಎಷ್ಟು ಹುಷಾರಿರಬೇಕು!

ಸಂಜೆ ಹಾಲು ಕರೆಯುತ್ತಿದ್ದ ಹೆಂಡತಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, ದನಿ ತಗ್ಗಿಸಿ, ಎಲ್ಲವನ್ನೂ ಹೇಳಿದ. ಸೊಣ್ಣಮ್ಮ ಕರೆಯುವುದನ್ನು ನಿಲ್ಲಿಸಲಿಲ್ಲ.

"ಅವ್ನು ಬೇರೆ ಓಗ್ತಾವ್ನೆ ಅಂತ ನಿಮಗೆ ಯಾರು ಯೋಳಿದ್ದು?"

"ಯಾರು ಯೋಳ್ಬೇಕು? ನಂಗೆ ಕಣ್ಣಿಲ್ವಾ?"

"ಓದ್ರೆ ಏನಾಯ್ತದೆ?"

ಮುನಿಗಂಗಪ್ಪ ಹೆಂಡತಿಯ ಬೆನ್ನನ್ನು ದಿಟ್ಟಿಸಿ ನೋಡಿದ. "ಏನಾಯ್ತದಾ? ಮನೆ ಒಡೀತದೆ. ಊರೋರ್ ಮುಂದೆ ನನ್ ಮುಖ ಏನಾಗ್ಬೇಕು? ನಿಂಗೆ ಗೊತ್ತಿದ್ಕಂಡು ಸುಮ್ಕಿದ್ದೀಯ ಅಲ್ವಾ? ವಾರಗಿತ್ತೀರು ಇಬ್ರೂ ಒಂದಾಗಿದ್ದೀರ."

ಸೊಣ್ಣಮ್ಮ ಚೆಂಬನ್ನು ಕೆಳಗಿಟ್ಟು, ಕರುವಿನ ಹಗ್ಗ ಬಿಚ್ಚಿದಳು. "ಅಮಾಸೆ ದಿನ ಎಲ್ರುನೂ ನಿಲ್ಸಿ ಕೇಳ್ತೀರಲ್ಲ. ಆಗ್ಲೇ ಕೇಳಿ," ಎಂದಳು. ಮುನಿಗಂಗಪ್ಪನಿಗೆ ಆ ಮಾತು ಸರಿಯೆನಿಸಿತು. ಹೆಂಡತಿ ಇಷ್ಟು ಸಲೀಸಾಗಿ ತನ್ನ ಕಡೆ ಮಾತಾಡಿದ್ದು ಯಾಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಯುಗಾದಿಯ ಹಿಂದಿನ ಅಮಾವಾಸ್ಯೆಯ ಸಂಜೆ ಆ ಮನೆಯಲ್ಲಿ ವರ್ಷದ ಲೆಕ್ಕ ಒಪ್ಪಿಸುವ ಪದ್ಧತಿ ಇತ್ತು. ಬಚ್ಚಣ್ಣನಿಗೆ ಓದು ಬರಹ ಬರುತ್ತಿರಲಿಲ್ಲವಾದ್ದರಿಂದ ಎಲ್ಲವೂ ಬಾಯಿಲೆಕ್ಕವೇ. ಬ್ಯಾಟರಾಯಪ್ಪ ಹೈಸ್ಕೂಲು ಮುಗಿಸಿ ಬಂದ ಮೇಲೂ ಅದು ಕಾಗದಕ್ಕೆ ಇಳಿಯಲಿಲ್ಲ. ಗೋಡೆಗೆ ಒರಗಿ ಅಂಜನಮ್ಮ ಕಣ್ಣು ಮುಚ್ಚಿ ಕೂರುತ್ತಿದ್ದಳು, ಮುಷ್ಟಿಯಲ್ಲಿ ರಾಗಿ. ಮೊದಲು ದ್ರಾಕ್ಷಿಯದು, ಆಮೇಲೆ ಸಂಬಳದ್ದು, ಆಮೇಲೆ ಹಾಲಿನದು, ಕೊನೆಗೆ ಕೋಳಿ ಮೊಟ್ಟೆಯದು. ಎಲ್ಲ ಕೇಳಿ ಆದ ಮೇಲೆ ಅವಳು "ಒಪ್ಪೈತೆ" ಎಂದು ರಾಗಿಯನ್ನು ಬೀಸೋಕಲ್ಲಿನ ಮೇಲೆ ಚೆಲ್ಲಿದರೆ ಹಳೆಯ ವರ್ಷ ಮುಗಿಯಿತು. ಆಮೇಲೆ ಆ ವರ್ಷದ ಮಾತನ್ನು ಯಾರೂ ಎತ್ತುವಂತಿಲ್ಲ.

ಇದರಲ್ಲಿ ಇನ್ನೊಂದು ಕಟ್ಟಳೆ. ಗಂಡಸರು ಕೂತುಕೊಂಡು ಲೆಕ್ಕ ಹೇಳಬಹುದು. ಹೆಂಗಸರು ನಿಂತು, ಬಗ್ಗಿ, ಬೀಸೋಕಲ್ಲನ್ನು ಮುಟ್ಟಿಕೊಂಡು ಹೇಳಬೇಕು. ಕಲ್ಲು ಮುಟ್ಟಿ ಸುಳ್ಳಾಡಿದರೆ ಮನೆಯಲ್ಲಿ ಹಿಟ್ಟು ನಿಲ್ಲುವುದಿಲ್ಲ ಎಂದು ನಂಬಿಕೆ. ಗಂಡಸರ ಮಾತೇ ಸಾಕು, ಅದಕ್ಕೆ ಕಲ್ಲು ಬೇಡ ಎಂದು ಬಚ್ಚಣ್ಣ ಹೇಳಿದ್ದನಂತೆ. ಹೇಳದೆ ಏನು ಮಾಡಿಯಾನು, ಅವನೂ ಗಂಡಸೇ ತಾನೆ.

ಸೊಣ್ಣಮ್ಮ ಇಪ್ಪತ್ತೈದು ವರ್ಷದಿಂದ ಆ ಕಲ್ಲು ಮುಟ್ಟುತ್ತ ಬಂದವಳು. ಅಮಾವಾಸ್ಯೆಯಲ್ಲದ ದಿನ ಒಮ್ಮೆ ಮುಟ್ಟಿದ್ದೂ ಉಂಟು. ಎರಡು ವರ್ಷದ ಹಿಂದೆ ಮಗಳ ಮದುವೆಯಲ್ಲಿ ಜುಮುಕಿ ಕಾಣೆಯಾದಾಗ, ಹೆಂಡತಿ ತವರಿಗೆ ಸಾಗಿಸಿದ್ದಾಳೆಂದು ಮುನಿಗಂಗಪ್ಪನಿಗೆ ಗುಮಾನಿ ಬಂತು. ದೊಡ್ಡಬಳ್ಳಾಪುರದಿಂದ ಬಂದ ಹೊಸ ಬೀಗರು ಕೈತೊಳೆಯುತ್ತ ನಿಂತಿದ್ದ ಹಾಗೇ ಅವಳನ್ನು ಕರೆದು ಕಲ್ಲು ಮುಟ್ಟಿಸಿದ. ನಾಲ್ಕು ದಿನದ ಮೇಲೆ ಜುಮುಕಿ ಸಿಕ್ಕಿತು, ಮದುವೆಗೆ ಅವನೇ ತೊಟ್ಟಿದ್ದ ಕೋಟಿನ ಒಳಜೇಬಿನಲ್ಲಿ. "ಸಿಕ್ತಲ್ಲ, ಬಿಡು ಅತ್ಲಾಗೆ" ಎಂದಿದ್ದ. ಅವಳೂ ಬಿಟ್ಟಳೆಂದೇ ಅವನು ತಿಳಿದಿದ್ದ.

ಈ ಸಲ ದೀಪ ಹಚ್ಚುತ್ತಿದ್ದಂತೆ ಎಲ್ಲರೂ ನಡುಮನೆಯಲ್ಲಿ ಸೇರಿದರು. ಮಕ್ಕಳನ್ನು ಪಕ್ಕದ ಮನೆಗೆ ಟೀವಿ ನೋಡಲು ಅಟ್ಟಲಾಗಿತ್ತು. ಮುನಿಗಂಗಪ್ಪ ದ್ರಾಕ್ಷಿಯ ಲೆಕ್ಕ ಹೇಳಿದ: ಸುಗ್ಗಿಯಲ್ಲಿ ಬಂದದ್ದು, ಔಷಧಿಗೆ ಹೋದದ್ದು, ಮಂಡಿಯವನು ಮುರಿದುಕೊಂಡದ್ದು, ಕೊಂಡು ಹಾಕಿದ ಗೊಬ್ಬರ. ಗೊಬ್ಬರ ಎನ್ನುವಾಗ ತಮ್ಮನ ಮುಖ ನೋಡಿದ. ತಮ್ಮ ಆಕಳಿಸಿದ. ಆಮೇಲೆ ಬ್ಯಾಟರಾಯಪ್ಪ ಸಂಬಳ, ಬೋನಸ್ಸು, ಪಿ.ಎಫ್. ಸಾಲ, ಮಕ್ಕಳ ಫೀಜು ಎಂದು ಕಾರ್ಖಾನೆಯ ಸೀಟಿಯ ವೇಗದಲ್ಲಿ ಮುಗಿಸಿದ.

ಸೊಣ್ಣಮ್ಮ ಸೆರಗು ಸಿಕ್ಕಿಸಿ, ಬಗ್ಗಿ, ಕಲ್ಲಿನ ಮೇಲೆ ಬಲಗೈ ಇಟ್ಟಳು. ಯಾವ ತಿಂಗಳು ಯಾವ ಹಸು ಎಷ್ಟು ಕೊಟ್ಟಿತು, ಡೈರಿಗೆ ಎಷ್ಟು ಹೋಯಿತು, ಮನೆಗೆ ಎಷ್ಟು ಉಳಿಯಿತು, ಹಿಂಡಿ ಬೂಸಕ್ಕೆ ಎಷ್ಟಾಯಿತು, ಕೆಂದಿ ಹಸು ಗಬ್ಬವಾದ ಮೇಲೆ ಎಷ್ಟು ದಿನ ಹಾಲಿರಲಿಲ್ಲ, ಎಲ್ಲವನ್ನೂ ತಡವರಿಸದೆ ಹೇಳಿದಳು. ಮುನಿಗಂಗಪ್ಪ ಬೆರಳು ಮಡಿಸುತ್ತ ಕೂತಿದ್ದ. ಒಂದು ಪೈಸೆಯೂ ಹೆಚ್ಚುಕಡಿಮೆ ಇರಲಿಲ್ಲ. ಹೆಂಡತಿಯ ಲೆಕ್ಕ ಹೀಗೆ ಸರಿಬಂದಾಗ ಅವನಿಗೆ ಪ್ರತಿವರ್ಷವೂ ಸ್ವಲ್ಪ ನಿರಾಸೆಯಾಗುತ್ತಿತ್ತು.

ದ್ರೌಪದಮ್ಮ ಮೊಟ್ಟೆಯ ಲೆಕ್ಕ ಹೇಳಿ ಕಲ್ಲಿನಿಂದ ಕೈ ತೆಗೆಯುತ್ತಿದ್ದಂತೆ ಮುನಿಗಂಗಪ್ಪ ಗಂಟಲು ಸರಿಮಾಡಿಕೊಂಡ.

"ಕೈ ಅಂಗೇ ಇರ್ಲಮ್ಮ. ಇನ್ನೊಂದ್ ಕೇಳೋದೈತೆ."

"ಏನು ಬಾವ?"

"ಪಾತ್ರೆ ವಾಜಿದ್ ತಾವ ಕಂತಿನ್ ಮೇಲೆ ಕುಕ್ಕರ್ ತಗಂಡಿದ್ದೀಯಾ, ಇಲ್ವಾ?"

ಬ್ಯಾಟರಾಯಪ್ಪ ಗೋಡೆಯಿಂದ ಬೆನ್ನೆತ್ತಿ ಕೂತ. "ಏನಣ್ಣ ಇದು? ಕುಕ್ಕರ್ ಯಾಕೆ ತಗೋತಾಳೆ?"

"ಬೇರೆ ಓಗಕ್ಕೆ. ನಿನ್ ಮನಸ್ನಾಗೆ ಇರೋದು ನಂಗೊತ್ತಿಲ್ಲ ಅಂದ್ಕಂಡಿದ್ದೀಯಾ? ಕ್ವಾರ್ಟರ್ಸಂತೆ, ಟ್ರಂಕಂತೆ. ತಿಪ್ಪೆ ಯಾಕ್ಲಾ ಕರಗ್ತು? ಯಾವಾನ್ಗೆ ಮಾರ್ದೆ?"

"ತಿಪ್ಪೇನಾ? ನಾನಾ?" ಬ್ಯಾಟರಾಯಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಬೆಳಿಗ್ಗೆ ಆರು ಗಂಟೆಗೆ ಬಸ್ ಹಿಡಿಯೋನು ನಾನು. ತಿಪ್ಪೆ ಮಾರಕ್ಕೆ ಯಾವಾಗಣ್ಣ ಹೋಗ್ಲಿ? ನಮ್ ಕೋಣೆಗೆ ನುಗ್ಗಿ ಟ್ರಂಕ್ ಬೇರೆ ನೋಡಿದ್ದೀಯಾ ನೀನು? ತೂ..."

"ಕೇಳಿದ್ಕೆ ಅವ್ಳು ಜವಾಬ್ ಕೊಡ್ಲಿ. ಮೂರು ಲೀಟರಿಂದು ಕುಕ್ಕರ್. ನನ್ ಕಣ್ಣಾರ ನೋಡಿವ್ನಿ. ಕೊನೇ ಕಂತಂತೆ."

ದ್ರೌಪದಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಆದರೂ ಅವಳು ಯಶವಂತಪುರದವಳು. ಅಳುತ್ತಲೇ ಮಾತಿಗೆ ನಿಂತಳು. "ಕಲ್ಲು ಮುಟ್ಟಿ ಹೇಳ್ತಿದ್ದೀನಿ ಬಾವ, ನಾನ್ ತಗೊಂಡಿಲ್ಲ. ತಗೊಳ್ಳೋ ಹಾಗಿದ್ರೂ ಮೂರು ಲೀಟರ್ದು ಯಾಕೆ ತಗೋತೀನಿ? ನಾವು ನಾಲ್ಕು ಜನ. ನಿಮ್ ತಮ್ಮನಿಗೇ ಒಂದ್ ಕುಕ್ಕರ್ ಅನ್ನ ಬೇಕು. ನಮ್ಮಕ್ಕನ ಮನೇಲಿ ಐದು ಲೀಟರ್ದು ಇದ್ರೂ ಸಾಕಾಗಲ್ಲ. ಮೂರು ಲೀಟರ್ದು ಗಂಡ ಹೆಂಡ್ತಿ ಇಬ್ರೇ ಇರೋ ಮನೆಗೆ..."

ಅಲ್ಲಿಗೆ ಅವಳ ಮಾತು ನಿಂತಿತು. ತಾನು ಏನು ಹೇಳಿದೆನೆಂದು ಅವಳಿಗೇ ಆಗ ತಿಳಿಯಿತು. ಅಳು ಕೂಡ ನಿಂತುಹೋಯಿತು. ಅವಳು ವಾರಗಿತ್ತಿಯ ಕಡೆ ನೋಡಲಿಲ್ಲ. ನೋಡಬಾರದೆಂದೇ ತಲೆ ತಗ್ಗಿಸಿದಳು. ಅದನ್ನು ಕಂಡು ಉಳಿದವರೆಲ್ಲ ಸೊಣ್ಣಮ್ಮನನ್ನು ನೋಡಿದರು.

ಆ ಮನೆಯಲ್ಲಿ ಗಂಡಹೆಂಡತಿ ಇಬ್ಬರೇ ಎಂದರೆ ಇನ್ಯಾರು? ಮಗಳು ಮದುವೆಯಾಗಿ ಹೋದ ಮೇಲೆ ಉಳಿದ ಇಬ್ಬರು. ಮುನಿಗಂಗಪ್ಪ ತಲೆಯೆತ್ತಿ ನೋಡಿದ. ಹೆಂಡತಿ ಕಂಬದ ಪಕ್ಕ ನಿಂತಿದ್ದಳು. ಮುಖದಲ್ಲಿ ಹೆದರಿಕೆ ಇದ್ದಿದ್ದರೆ ಅವನಿಗೆ ಧೈರ್ಯ ಬರುತ್ತಿತ್ತು. ಅದು ಇರಲಿಲ್ಲ. ಕೇಳಿದರೆ ಅವಳು ನಿಜವನ್ನೇ ಹೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಅದು ಬೇಡವಾಗಿತ್ತು.

"ಆಯ್ತು. ಆ ಸಾಬಿ ಮನೆ ತಪ್ಪಿ ಬಂದಿರ್ಬೇಕು," ಎಂದ. "ಲೆಕ್ಕ ಮುಗೀತು. ಅವ್ವಾ, ರಾಗಿ ಆಕು."

"ಅದೆಂಗಣ್ಣ ಮುಗೀತದೆ?" ಬ್ಯಾಟರಾಯಪ್ಪ ಎದ್ದು ನಿಂತ. "ನನ್ ಹೆಂಡ್ತೀನ ಕಳ್ಳೀ ಥರ ನಿಲ್ಸಿದ್ಯಲ್ಲ, ಈಗ ಮುಗೀತಾ?"

"ಅವ್ವಾ, ರಾಗಿ ಆಕು ಅಂದ್ನಲ್ಲ."

ಅಂಜನಮ್ಮ ಕಣ್ಣು ತೆರೆದಳು. ಮುಷ್ಟಿ ತೆರೆಯಲಿಲ್ಲ. "ತಮ್ಮನ ಎಂಡ್ತೀನ ಕೇಳ್ದೆ. ನಿನ್ ಎಂಡ್ತೀನೂ ಕೇಳು. ಆಮ್ಯಾಕೆ ಆಕ್ತೀನಿ."

ಪಕ್ಕದ ಮನೆಯ ಟೀವಿಯಲ್ಲಿ ಯಾರೋ ನಗುತ್ತಿದ್ದರು. ಯಾರೂ ಕರೆಯದೆಯೇ ಸೊಣ್ಣಮ್ಮ ಮುಂದೆ ಬಂದು, ದ್ರೌಪದಮ್ಮನ ಭುಜ ಮುಟ್ಟಿ ಅವಳನ್ನು ಪಕ್ಕಕ್ಕೆ ಸರಿಸಿ, ಬಗ್ಗಿ ಕಲ್ಲಿನ ಮೇಲೆ ಕೈಯಿಟ್ಟಳು.

"ಕುಕ್ಕರ್ ನಂದು ಅತ್ತೆ. ವಾಜಿದಣ್ಣನಿಗೆ ನೆನ್ನೆ ಕೆರೆ ತಾವ ಕೊನೇ ಕಂತು ಕೊಟ್ಟೆ. ಆಲಿನ್ ದುಡ್ಡು ಮುಟ್ಟಿಲ್ಲ. ಸಗಣಿ ತಟ್ಟಿ ಯಲಹಂಕದ ಕುಂಬಾರ್ರಿಗೆ ಬೆರಣಿ ಮಾರ್ದೆ. ಎರಡು ವರ್ಷದಿಂದ ಮಾರ್ತಿವ್ನಿ, ಈ ವರ್ಷ ಇನ್ನೂ ಎಚ್ಚಾಗಿ. ಸಗಣಿ ಲೆಕ್ಕ ಈ ಮನೇಲಿ ಯಾರೂ ಕೇಳ್ಲಿಲ್ಲ, ನಾನ್ ಯೋಳ್ಲಿಲ್ಲ."

ಮುನಿಗಂಗಪ್ಪನಿಗೆ ತಿಪ್ಪೆ ಕಣ್ಣ ಮುಂದೆ ಬಂತು. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ಹಲ್ಲುಜ್ಜುತ್ತ ನಿಂತು, ಹಿತ್ತಿಲ ಗೋಡೆಯ ತುಂಬ ತಟ್ಟಿದ ಬೆರಣಿ ನೋಡುತ್ತ, ತಮ್ಮನನ್ನು ಬೈದುಕೊಂಡಿದ್ದ. ನಾಚಿಕೆಯಾಯಿತು. ಆದರೆ ನಾಚಿಕೆಯ ಹಿಂದೆಯೇ ಏನೋ ಒಂದು ಸಮಾಧಾನವೂ ಬಂತು. ಹೆಂಗಸು, ತನ್ನದೇ ಒಂದು ಒಲೆ ಬೇಕೆಂಬ ಆಸೆ ಪಟ್ಟಿದ್ದಾಳೆ. ತಪ್ಪೇ. ಆದರೂ ಗಂಡನನ್ನು ಕರೆದುಕೊಂಡು ಬೇರೆ ಇರಬೇಕೆಂದಿದ್ದಾಳೆ ತಾನೆ? ಗದರಿದರೆ ಹೋಗುವ ಆಸೆ.

"ಅಲ್ಲ ಕಣೇ," ಎಂದ, ದನಿ ಸ್ವಲ್ಪ ಮೆತ್ತಗೆ ಮಾಡಿಕೊಂಡು. "ನಮ್ಮಿಬ್ರಿಗೆ ಅಂತ ಬೇರೆ ಒಲೆ ಊಡಿದ್ರೆ ಊರೋರು ಏನಂತಾರೆ?"

ಸೊಣ್ಣಮ್ಮ ಕಲ್ಲಿನಿಂದ ಕೈ ತೆಗೆಯದೆಯೇ ಅವನ ಕಡೆ ತಿರುಗಿದಳು.

"ನಮ್ಮಿಬ್ರಿಗೆ ಅಲ್ಲ. ನಂಗೆ. ಒಬ್ಳಿಗೆ ಮೂರು ಲೀಟರು ದೊಡ್ದೇ ಆಯ್ತದೆ. ವಾಜಿದಣ್ಣನ ತಾವ ಅದಕ್ಕಿಂತ ಚಿಕ್ಕದು ಇರ್ಲಿಲ್ಲ."

ಸೊಣ್ಣಮ್ಮ ಹಾಲಿನ ಲೆಕ್ಕ ಹೇಳಿದ ಅದೇ ದನಿಯಲ್ಲಿ ಉಳಿದದ್ದನ್ನೂ ಹೇಳಿದಳು. ಹೆಬ್ಬಾಳದ ಒಂದು ನರ್ಸರಿಯಲ್ಲಿ ಸಸಿ ಎತ್ತುವ ಕೆಲಸ ಮಾತಾಡಿದ್ದಾಳೆ, ವಾರಕ್ಕೊಮ್ಮೆ ಬಟವಾಡೆ. ಕೆಂಪಾಪುರದಲ್ಲಿ ಒಂದು ಕೋಣೆ, ಮುಂಗಡ ಕೊಟ್ಟಾಗಿದೆ. ಹಬ್ಬ ಮುಗಿಸಿಕೊಂಡು, ಮಾರನೆಯ ದಿನ, ಮಾಂಸದೂಟದ ವರ್ಷತೊಡಕಿನಂದು, ಹೋಗುತ್ತಾಳೆ.

"ತೊಡಕಿನ ದಿನ ಎಲ್ಲಿ ಒಲೆ ಅಚ್ಚುತೀವೋ ವರ್ಷೆಲ್ಲ ಅಲ್ಲೇ ಅಚ್ಚುತೀವಿ ಅಂತಾರಲ್ಲ, ಅದ್ಕೆ," ಎಂದಳು.

"ಯಾಕಮ್ಮಿ?" ಎಂದು ಅಂಜನಮ್ಮ ಕೇಳಿದಳು. ಸೊಸೆಯನ್ನು ಇಷ್ಟು ಮೆಲ್ಲಗೆ ಅವಳು ಯಾವತ್ತೂ ಏನೂ ಕೇಳಿರಲಿಲ್ಲ.

"ಯಾಕೆ ಅನ್ನೋದು ಲೆಕ್ಕಕ್ಕೆ ಬರಾಕಿಲ್ಲ ಅತ್ತೆ. ಇಲ್ಲಿ ಎಷ್ಟು ಅಂತ ತಾನೆ ಕೇಳೋದು?"

ಅವಳು ಕಲ್ಲಿನಿಂದ ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, ಸಾರಿಗೆ ಇಡಲು ಒಳಗೆ ಹೋದಳು. ಅಂಜನಮ್ಮ ಮುಷ್ಟಿಯ ರಾಗಿಯನ್ನು ಮೊರಕ್ಕೆ ಸುರಿದಳು. ಕಲ್ಲಿನ ಮೇಲೆ ಒಂದು ಕಾಳೂ ಬೀಳಲಿಲ್ಲ.

ಹಬ್ಬದ ದಿನ ಒಬ್ಬಟ್ಟು ಚೆನ್ನಾಗಿ ಬಂದಿತ್ತು. ಬಡಿಸಿದವಳು ಸೊಣ್ಣಮ್ಮನೇ. ಬೇವುಬೆಲ್ಲ ಕೊಡುವಾಗ ಗಂಡನ ಅಂಗೈಗೂ ಎಲ್ಲರಿಗೆ ಇಟ್ಟಷ್ಟೇ ಇಟ್ಟಳು. ಮುನಿಗಂಗಪ್ಪ ಬಾಯಿ ತುಂಬ ಮಾತು ಇಟ್ಟುಕೊಂಡು ಅತ್ತಿತ್ತ ಓಡಾಡಿದ. ಬೇಡ ಎನ್ನಬೇಕೆಂದುಕೊಂಡ. ಕಾಲು ಮುರಿಯುತ್ತೇನೆ ಎನ್ನಬೇಕೆಂದುಕೊಂಡ. ಜುಮುಕಿಯ ವಿಷಯ ಹೇಳಬೇಕೆಂದುಕೊಂಡು ಹಿತ್ತಿಲವರೆಗೆ ಹೋಗಿ, ಅವಳು ಪಾತ್ರೆ ಉಜ್ಜುವುದನ್ನು ನೋಡಿ ಹಿಂದಕ್ಕೆ ಬಂದ. ತಪ್ಪಾಯಿತು ಎನ್ನುವ ಮಾತು ಅವನ ಬಾಯಿಗೆ ರೂಢಿಯಿರಲಿಲ್ಲ. ರೂಢಿಯಿದ್ದ ಮಾತು ಮಾತ್ರ ತಾನೇತಾನಾಗಿ ಮೇಲಕ್ಕೆ ಬರುತ್ತಿತ್ತು. ಕೆಂಪಾಪುರದಲ್ಲಿ ಕೋಣೆ ತೋರಿಸಿದವರು ಯಾರು? ನರ್ಸರಿಯ ಮೇಸ್ತ್ರಿ ಯಾರು? ಇವಳಿಗೂ ಅವನಿಗೂ ಎಲ್ಲಿಯ ಪರಿಚಯ? ಅವನ ತಲೆ ಇಂಥ ದಿನದಲ್ಲೂ ಅದೇ ಹಳೆಯ ದಾರಿ ಹಿಡಿದು ಹೋಗುತ್ತಿತ್ತು, ಅವನಿಗೇ ಅದರ ಮೇಲೆ ಅಸಹ್ಯವಾಗುತ್ತಿತ್ತು.

ತೊಡಕಿನ ದಿನ ಬೆಳಿಗ್ಗೆ ಸೊಣ್ಣಮ್ಮ ಹಾಲು ಕರೆದಿಟ್ಟು, ಅತ್ತೆಯ ಕಾಲು ಮುಟ್ಟಿ, ಒಂದು ಗಂಟು, ಕುಕ್ಕರಿನ ಪೆಟ್ಟಿಗೆ ಮತ್ತು ಒಂದು ಚಾಪೆ ಹಿಡಿದು ಬಸ್‌ಸ್ಟಾಪಿಗೆ ನಡೆದಳು. ಮಕ್ಕಳು ಸ್ವಲ್ಪ ದೂರ ಹಿಂದೆ ಹೋಗಿ ಬಂದವು. ದ್ರೌಪದಮ್ಮ ಒಲೆಯ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು. ಬ್ಯಾಟರಾಯಪ್ಪ ಅಣ್ಣನ ಹತ್ತಿರ ಮಾತು ಬಿಟ್ಟಿದ್ದ.

ಮುನಿಗಂಗಪ್ಪ ಚೀಲ ಹಿಡಿದು ಪಿಳ್ಳಣ್ಣನ ಹೊಂಗೆಮರದಡಿಗೆ ಹೋದ. ತೊಡಕಿನ ಮಾಂಸಕ್ಕೆಂದು ಊರವರು ವರ್ಷವಿಡೀ ಪಿಳ್ಳಣ್ಣನ ಹತ್ತಿರ ಚೀಟಿ ಕಟ್ಟುತ್ತಿದ್ದರು. ಆ ದಿನ ಅವನು ಕುರಿಗಳನ್ನು ಕೊಯ್ದು, ಎಲೆಗಳ ಮೇಲೆ ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುತ್ತಿದ್ದ. ಯಾವಾಗಲೂ ಮುನಿಗಂಗಪ್ಪ ಎಲ್ಲ ಗುಡ್ಡೆಗಳನ್ನೂ ಕಣ್ಣಲ್ಲಿ ತೂಗಿ, ಮೂಳೆ ಹೆಚ್ಚಾಯಿತೆಂದು ತಗಾದೆ ತೆಗೆದು, ಒಂದು ತುಂಡಾದರೂ ಮೇಲೆ ಹಾಕಿಸಿಕೊಂಡೇ ಬರುತ್ತಿದ್ದ. ಇವತ್ತು ಪಿಳ್ಳಣ್ಣ ಕೊಟ್ಟದ್ದನ್ನು ತಿರುಗಿಸಿಯೂ ನೋಡಲಿಲ್ಲ.

"ಇದರಾಗೆ ಸ್ವಲ್ಪ ಬೇರೆ ಎಲೇಗೆ ಕಟ್ಕೊಡು," ಎಂದ. "ಒಬ್ರು ಊಟದಷ್ಟು. ಮೆತ್ತಗಿರೋದು ಆಕು."

"ಯಾರಿಗಣ್ಣ?"

ಮುನಿಗಂಗಪ್ಪ ಸುಳ್ಳು ಹುಡುಕಿದ. ಒಂದೂ ಸಿಗಲಿಲ್ಲ. "ನಮ್ಮೋಳಿಗೆ," ಎಂದ. ಪಿಳ್ಳಣ್ಣ ಏನೂ ಅರ್ಥವಾಗದೆ ತಲೆಯಾಡಿಸಿ, ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟಿ ಬಾಳೆನಾರು ಸುತ್ತಿಕೊಟ್ಟ.

ದೊಡ್ಡ ಚೀಲವನ್ನು ಮನೆಗೆ ಎಸೆದು ಸೈಕಲ್ ತುಳಿದುಕೊಂಡು ಬಳ್ಳಾರಿ ರಸ್ತೆಗೆ ಬಂದ. ಬಿಸಿಲು ಏರುತ್ತಿತ್ತು. ಲಾರಿಗಳು ಮೈಮೇಲೆ ಬರುವಂತೆ ಹೋಗುತ್ತಿದ್ದವು. ಪೊಟ್ಟಣ ಕೊಡಲು ಹೋಗುತ್ತಿದ್ದಾನೋ, ಯಾರಿದ್ದಾರೆಂದು ನೋಡಿಕೊಂಡು ಬರಲು ಹೋಗುತ್ತಿದ್ದಾನೋ ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ಬ್ಯಾಟರಾಯನಪುರ ದಾಟುವವರೆಗೆ ಎರಡನೆಯದು ಎನಿಸುತ್ತಿತ್ತು. ಆಮೇಲೆ, ಅವಳು ಬೆಳಿಗ್ಗೆಯಿಂದ ಏನಾದರೂ ತಿಂದಳೋ ಇಲ್ಲವೋ ಎಂಬ ಯೋಚನೆ ಬಂತು. ಆ ಯೋಚನೆ ಇಷ್ಟು ವರ್ಷದಲ್ಲಿ ತನಗೆ ಒಮ್ಮೆಯೂ ಬಂದಿರಲಿಲ್ಲವೆಂದು ತಿಳಿದು ತುಳಿಯುವುದು ನಿಧಾನವಾಯಿತು.

ಕೆಂಪಾಪುರದಲ್ಲಿ ಬಾಡಿಗೆಯ ಕೋಣೆಗಳಿರುವ ವಠಾರ ಒಂದೇ ಎಂದು ಅಂಗಡಿಯವನು ಹೇಳಿದ. ಉದ್ದಕ್ಕೆ ಹೆಂಚಿನ ಸಾಲು, ಆರೇಳು ಬಾಗಿಲು, ಎಲ್ಲವೂ ಒಂದೇ ಥರ. ತೊಡಕಿನ ದಿನವಾದ್ದರಿಂದ ಎಲ್ಲ ಬಾಗಿಲಿನಿಂದಲೂ ಮಸಾಲೆ ಹುರಿಯುವ ವಾಸನೆ. ಮುನಿಗಂಗಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೊಟ್ಟಣ ಹಿಡಿದು, ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯದೆ ನಿಂತ. ಎಲೆಯ ಸಂದಿನಿಂದ ರಕ್ತ ಜಿನುಗಿ ಅವನ ಹೊಸ ಪಂಚೆಯ ಮೇಲೆ ತೊಟ್ಟಿಕ್ಕಿತು.

ವಠಾರದ ನಲ್ಲಿಯ ಹತ್ತಿರ ಒಬ್ಬ ಮುದುಕಿ ಕೊಡ ಇಟ್ಟುಕೊಂಡು ಕೂತಿದ್ದಳು. ಅವಳು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ಯಾರಪ್ಪ ಬೇಕು?"

"ಇಲ್ಲಿ... ಇವತ್ತು ಬೆಳಿಗ್ಗೆ ಬಂದ್ರಲ್ಲ, ಒಬ್ರು..."

"ಬಂದ್ರಲ್ಲ ಅಂದ್ರೆ? ಎಸರಿಲ್ವಾ ಅವ್ರಿಗೆ?"

"ಸೊಣ್ಣಮ್ಮ," ಎಂದ. ಹೆಂಡತಿಯ ಹೆಸರನ್ನು ಅವನು ಹೀಗೆ ಬೀದಿಯಲ್ಲಿ ನಿಂತು ಇನ್ನೊಬ್ಬರಿಗೆ ಹೇಳಿದ್ದೇ ಇಲ್ಲ. ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು.

ಮುದುಕಿ ಎದ್ದು ನಿಂತಳು. ದಾರಿ ತೋರಿಸಲು ಎದ್ದವಳಂತೆ ಕಾಣಲಿಲ್ಲ. ಬಾಗಿಲುಗಳ ಸಾಲಿಗೂ ಅವನಿಗೂ ನಡುವೆ ಬಂದು ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಒಂಟಿ ಎಂಗ್ಸು ಇರೋ ಮನೆ. ಯಾರ್ ಬಂದ್ ಕೇಳಿದ್ರೂ ತೋರ್ಸಕ್ಕೆ ಆಗಾಕಿಲ್ಲ. ನೀನು ಅವ್ಳಿಗೆ ಏನಾಗ್ಬೇಕು?"

ಮುನಿಗಂಗಪ್ಪ ಪೊಟ್ಟಣವನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡ.

"ಯೋಳಪ್ಪ. ಏನಾಗ್ಬೇಕು?"

ಅವಳ ಹಿಂದೆ ನಲ್ಲಿಯ ಕೆಳಗಿನ ಕೊಡ ತುಂಬಿ, ನೀರು ಕಲ್ಲುಚಪ್ಪಡಿಯ ಮೇಲೆ ಹರಿದು ಅವನ ಚಪ್ಪಲಿಯವರೆಗೂ ಬರುತ್ತಿತ್ತು.